ಲಿಂಕನ್‌ಶೈರಿನ ಹಳ್ಳಿ ಬಂಗಲೆ, ಸಸೆಕ್ಸಿನ ಕಡಲ ಬಂಗಲೆ: ಎರಡರಲ್ಲೂ ಬಾಳಿದ ಮೇಲೆ ಒಂದು ಹೋಲಿಕೆ

ಇಂಗ್ಲೆಂಡಿನಲ್ಲಿ ನಿವೃತ್ತಿಯ ನಂತರದ ದಿನಗಳಿಗಾಗಿ ಹಳ್ಳಿಯ ಬಂಗಲೆ ಒಳ್ಳೆಯದೋ ಕಡಲತೀರದ್ದೋ ಎಂದು ಕೇಳುವ ಸ್ನೇಹಿತರಿಗೆ ನಾನು ಕೊಡುವ ಉತ್ತರ ಒಂದೇ: ಕಡಲತೀರದ್ದು. ಅದರಲ್ಲೂ ತಗ್ಗಿನ ಮರಳುದಂಡೆಯನ್ನು ಬಿಟ್ಟು ಎತ್ತರದ ಬಂಡೆಯ ಮೇಲಿರುವ ಊರನ್ನು ಆರಿಸಿಕೊಳ್ಳಬೇಕು. ಮನೆ ಬಂಡೆಯ ಅಂಚಿಗಿಂತ ಬಸ್ಸು ಓಡಾಡುವ ರಸ್ತೆಗೆ ಹತ್ತಿರವಿರಬೇಕು. ಅಂಥ ಮನೆಯೊಂದರ ಪಶ್ಚಿಮದ ಗೋಡೆ ನಮ್ಮನ್ನು ಬಹಳ ಕಾಡಿದೆ. ಅದರ ಸಂಗತಿಯನ್ನು ಮುಂದೆ ವಿವರವಾಗಿ ಬರೆಯುತ್ತೇನೆ. ಅದೆಲ್ಲವನ್ನೂ ಅನುಭವಿಸಿದ ಮೇಲೂ ನನ್ನ ಉತ್ತರ ಬದಲಾಗಿಲ್ಲ.

ಇಲ್ಲಿ ಬಂಗಲೆಯೆಂದರೆ ಮಹಡಿಯಿಲ್ಲದ, ಎರಡೋ ಮೂರೋ ಮಲಗುವ ಕೋಣೆಗಳಿರುವ, ಸುತ್ತ ಒಂದಿಷ್ಟು ತೋಟವಿರುವ ಸಣ್ಣ ಮನೆ. ನಾವು ಬಹುಕಾಲ ಬಾಳಿದ್ದು ಇಂಥ ಎರಡು ಮನೆಗಳಲ್ಲಿ. ಮೊದಲನೆಯದು ಲಿಂಕನ್‌ಶೈರ್ ವೋಲ್ಡ್ಸ್ ಎಂಬ ದಿಣ್ಣೆ ಸೀಮೆಯಲ್ಲಿ, ಲೌತ್ ಪಟ್ಟಣದ ಹತ್ತಿರದ ಹಳ್ಳಿಯೊಂದರ ಅಂಚಿನಲ್ಲಿದ್ದ, 1960ರ ದಶಕದ ಇಟ್ಟಿಗೆಯ ಬಂಗಲೆ. ಯಜಮಾನರು ಆಗ ಗ್ರಿಮ್ಸ್‌ಬಿಯಲ್ಲಿ ಕೆಲಸದಲ್ಲಿದ್ದರು. ಎರಡನೆಯದು ಸಸೆಕ್ಸಿನ ಪೀಸ್‌ಹೇವನ್ ಎಂಬ ಕಡಲ ಊರಿನಲ್ಲಿರುವ, 1930ರ ದಶಕದ ಬಂಗಲೆ. ಅವರು ನಿವೃತ್ತರಾದ ಮೇಲೆ, ಮಗಳು ಬ್ರೈಟನ್ನಿನಲ್ಲಿರುವ ಕಾರಣಕ್ಕೆ ಅದನ್ನು ಕೊಂಡೆವು. ಈ ಎರಡರ ನಡುವೆ ಒಂದು ಚಳಿಗಾಲವನ್ನು ಲಿಂಕನ್‌ಶೈರಿನದೇ ಕಡಲತೀರದ ಸಟನ್-ಆನ್-ಸೀಯಲ್ಲಿ ಬಾಡಿಗೆಯ ಬಂಗಲೆಯೊಂದರಲ್ಲಿ ಕಳೆದಿದ್ದೆವು.

ಹಳ್ಳಿಯ ಬಂಗಲೆಗೂ ಕಡಲ ಬಂಗಲೆಗೂ ಇರುವ ವ್ಯತ್ಯಾಸದ ಮೂಲ ಅವು ಹುಟ್ಟಿದ ರೀತಿಯಲ್ಲೇ ಇದೆ. ಇಂಗ್ಲೆಂಡಿನಲ್ಲಿ ಬಂಗಲೆಯೆಂಬ ಹೆಸರಿನಿಂದಲೇ ಕಟ್ಟಿದ ಮೊದಲ ಮನೆಗಳು ಕೆಂಟ್ ಕೌಂಟಿಯ ವೆಸ್ಟ್‌ಗೇಟ್-ಆನ್-ಸೀಯಲ್ಲಿ, 1869-70ರ ಸುಮಾರಿಗೆ, ಜಾನ್ ಟೇಲರ್ ಎಂಬ ವಾಸ್ತುಶಿಲ್ಪಿಯ ಯೋಜನೆಯಲ್ಲಿ ಎದ್ದವು. ಅಲ್ಲಿಂದ ಪಕ್ಕದ ಬರ್ಚಿಂಗ್ಟನ್ನಿಗೆ ಹಬ್ಬಿದವು. ಕವಿಯೂ ಚಿತ್ರಕಾರನೂ ಆಗಿದ್ದ ದಾಂತೆ ಗೇಬ್ರಿಯಲ್ ರೊಸೆಟ್ಟಿ ಆರೋಗ್ಯ ಸುಧಾರಿಸಿಕೊಳ್ಳಲೆಂದು ಬಂದು, 1882ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡದ್ದು ಬರ್ಚಿಂಗ್ಟನ್ನಿನ ಬಂಗಲೆಯಲ್ಲೇ. ಅವು ಸಿರಿವಂತರು ಗಾಳಿ ಬದಲಾವಣೆಗೆಂದು ಬಂದು ಇಳಿದುಕೊಳ್ಳುತ್ತಿದ್ದ ಮನೆಗಳು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅದೇ ಬಯಕೆ ಸಾಮಾನ್ಯ ಜನರ ಕೈಗೂ ಎಟುಕುವಂತಾಯಿತು. ಚಾರ್ಲ್ಸ್ ನೆವಿಲ್ ಎಂಬ ವ್ಯಾಪಾರಿ 1916ರಲ್ಲಿ ಸಸೆಕ್ಸಿನ ಬಂಡೆಯ ಮೇಲಿನ ಹೊಲಗಳನ್ನು ಅಡ್ಡ-ಉದ್ದ ಬೀದಿಗಳಾಗಿ ಗುರುತು ಹಾಕಿಸಿ, ಊರಿಗೆ ಹೆಸರು ಸೂಚಿಸುವ ಸ್ಪರ್ಧೆಯನ್ನೇ ನಡೆಸಿ, ನಿವೇಶನಗಳನ್ನು ಮಾರಿದನು. ಆ ಊರಿಗೆ ಮೊದಲು ನ್ಯೂ ಆನ್‌ಝಾಕ್-ಆನ್-ಸೀ ಎಂಬ ಹೆಸರಿತ್ತು, ಸ್ವಲ್ಪ ಸಮಯದಲ್ಲೇ ಅದು ಪೀಸ್‌ಹೇವನ್ ಆಯಿತು. ಊರನ್ನು ನೋಡಿದ ನಗರದ ಬುದ್ಧಿವಂತರು ಬೆಟ್ಟದ ಸೊಬಗು ಹಾಳಾಯಿತೆಂದು ಬಹುಕಾಲ ಬೈದರು. ಅಲ್ಲಿ ಬಾಳಿದವಳಾಗಿ ನಾನು ಆ ಮಾತನ್ನು ಒಪ್ಪುವುದಿಲ್ಲ. ಲಂಡನ್ನಿನ ಇಕ್ಕಟ್ಟಾದ ಬೀದಿಗಳಲ್ಲಿ ದುಡಿದು ಹಣ್ಣಾದವರಿಗೆ ಒಂದು ಅಂಗೈಯಗಲದ ನೆಲವೂ ಕಡಲ ಗಾಳಿಯೂ ಸಿಕ್ಕಿದ್ದು ಇಂಥ ಊರುಗಳಿಂದಲೇ.

ಈ ಹಿನ್ನೆಲೆಯಿಂದಾಗಿ ಕಡಲ ಊರಿನಲ್ಲಿ ಬಂಗಲೆಗಳು ಸಾಲಾಗಿ, ಒಂದಕ್ಕೊಂದು ಮುಖ ಮಾಡಿಕೊಂಡು ನಿಂತಿವೆ. ಹಳ್ಳಿಯಲ್ಲಿ ಹಾಗಿಲ್ಲ. ಅಲ್ಲಿ ಊರಿನ ನಡುವೆ ಚರ್ಚೂ ಹಳೆಯ ಕಲ್ಲಿನ ಮನೆಗಳೂ ಇದ್ದವು. ಎರಡನೆಯ ಮಹಾಯುದ್ಧದ ನಂತರ ಬಂದ ಬಂಗಲೆಗಳು ಜಾಗ ಉಳಿದಿದ್ದ ಕಡೆಗಳಲ್ಲಿ, ಹೊಲದಂಚಿನಲ್ಲೋ ಯಾರದೋ ಹಣ್ಣಿನ ತೋಟದ ಮೂಲೆಯಲ್ಲೋ ಎದ್ದವು. ನಮ್ಮದು ರಸ್ತೆಯಿಂದ ಸಾಕಷ್ಟು ಒಳಗೆ, ಆಳೆತ್ತರದ ಹಾಥಾರ್ನ್ ಬೇಲಿಯ ಹಿಂದೆ ಇತ್ತು. ಮನೆ ನೋಡಲು ಹೋದ ದಿನ ಆ ಬೇಲಿ ಬಿಳಿ ಹೂ ಬಿಟ್ಟು ನಿಂತಿದ್ದನ್ನು ಕಂಡು ನಾವಿಬ್ಬರೂ ಮರುಮಾತಿಲ್ಲದೆ ಒಪ್ಪಿದ್ದೆವು.

ಹಳ್ಳಿ ಬಂಗಲೆಯ ಒಳ್ಳೆಯ ಗುಣಗಳನ್ನು ಕಡಿಮೆ ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ವೋಲ್ಡ್ಸ್ ಸೀಮೆಯನ್ನು 1973ರಲ್ಲಿ ಸರ್ಕಾರವೇ ವಿಶೇಷ ಸೌಂದರ್ಯದ ಪ್ರದೇಶವೆಂದು ಗುರುತಿಸಿತು, ಮತ್ತು ಅದು ಆ ಮನ್ನಣೆಗೆ ತಕ್ಕ ಸೀಮೆ. ಹೊಲಗಳ ದಿಣ್ಣೆ ಇಳಿಜಾರು, ತಿಳಿನೀರಿನ ಸಣ್ಣ ತೊರೆ, ದೂರದಿಂದಲೇ ಕಾಣುವ ಲೌತ್ ಚರ್ಚಿನ ಚೂಪು ಗೋಪುರ ಎಲ್ಲವೂ ಊಟದ ಮೇಜಿನ ಮುಂದಿದ್ದ ಅಗಲವಾದ ಕಿಟಕಿಯಿಂದ ಕಾಣುತ್ತಿದ್ದವು. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಪಾತ್ರೆ ದಾಟಿಸಲು ಸಣ್ಣ ಬಾಗಿಲಿತ್ತು; ಆ ಕಾಲದ ಬಂಗಲೆಗಳಲ್ಲಿ ಅದು ಸಾಮಾನ್ಯ, ಅತಿಥಿಗಳು ಬಂದಾಗ ಅದರಷ್ಟು ಅನುಕೂಲವಾದದ್ದನ್ನು ನಾನು ಬೇರೆ ಮನೆಯಲ್ಲಿ ಕಂಡಿಲ್ಲ. ತೋಟದಲ್ಲಿ ಮೆಂತ್ಯ, ಕೊತ್ತಂಬರಿ, ಕುಂಬಳ, ಬೀನ್ಸ್ ಸಮೃದ್ಧವಾಗಿ ಬೆಳೆಯುತ್ತಿದ್ದವು. ಬೇಸಿಗೆಯ ಕೊನೆಗೆ ಹಳ್ಳಿಯವರೆಲ್ಲ ತಮ್ಮ ತೋಟದ ಹೆಚ್ಚಿನ ತರಕಾರಿಯನ್ನು ಗೇಟಿನ ಮುಂದೆ ಇಟ್ಟು, ಪಕ್ಕದಲ್ಲಿ ದುಡ್ಡು ಹಾಕಲು ಒಂದು ಡಬ್ಬಿ ಇಡುತ್ತಿದ್ದರು. ಕಾಯುವವರು ಯಾರೂ ಇರುತ್ತಿರಲಿಲ್ಲ, ದುಡ್ಡು ಹಾಕದೆ ಒಯ್ಯುವವರೂ ಇರಲಿಲ್ಲ. ಮಹಿಳಾ ಸಂಘದ, ಅಂದರೆ ವಿಮೆನ್ಸ್ ಇನ್‌ಸ್ಟಿಟ್ಯೂಟಿನ, ಸಭೆಗೆ ನನ್ನನ್ನು ಕರೆದದ್ದು ಎದುರುಮನೆಯ ಹಿರಿಯ ಹೆಂಗಸು. ಆ ಸಂಘ ಬ್ರಿಟನ್ನಿನಲ್ಲಿ 1915ರಲ್ಲಿ ವೇಲ್ಸಿನ ಒಂದು ಹಳ್ಳಿಯಲ್ಲಿ ಶುರುವಾದದ್ದೆಂದೂ, ಹಳ್ಳಿಯಲ್ಲಿ ಬಾಳುವ ಹೆಂಗಸರಿಗೆ ಅದು ಎಷ್ಟು ದೊಡ್ಡ ಆಸರೆಯೆಂದೂ ಅವರೇ ನನಗೆ ತಿಳಿಸಿಕೊಟ್ಟರು. ಹಳ್ಳಿಯ ತರಕಾರಿ ಪ್ರದರ್ಶನದಲ್ಲಿ ನನ್ನ ಹಸಿ ಟೊಮೇಟೊ ಚಟ್ನಿಗೆ ಬಹುಮಾನ ಬಂದಾಗ ಹಳ್ಳಿಯ ಸಭಾಭವನದಲ್ಲಿದ್ದವರೆಲ್ಲ ಎದ್ದು ಬಂದು ಕೈಕುಲುಕಿದ್ದು ಇಂದಿಗೂ ನನಗೆ ಸಂತೋಷ ಕೊಡುವ ನೆನಪು.

ಆದರೆ ಆ ಬದುಕಿಗೆ ಎರಡು ಷರತ್ತುಗಳಿದ್ದವು: ಕಾರು ಓಡಿಸಲು ಬರಬೇಕು, ಸೀಮೆಎಣ್ಣೆಯ ಖರ್ಚನ್ನು ತಡೆದುಕೊಳ್ಳಬೇಕು. ಹಳ್ಳಿಗೆ ಗ್ಯಾಸ್ ಕೊಳವೆ ಬಂದಿರಲಿಲ್ಲ. ಮನೆಯ ಹಿಂದೆ ಹಸಿರು ಬಣ್ಣದ ಎಣ್ಣೆ ಟ್ಯಾಂಕು, ಅದರಿಂದ ಬಾಯ್ಲರ್, ಬಾಯ್ಲರಿನಿಂದ ಮನೆಯ ಬಿಸಿ. ಎಣ್ಣೆಯನ್ನು ಒಮ್ಮೆಗೆ 500 ಲೀಟರಿಗಿಂತ ಕಡಿಮೆ ತಂದು ಕೊಡುತ್ತಿರಲಿಲ್ಲವಾದ್ದರಿಂದ, ಬೆಲೆ ಇಳಿದಾಗ ಕೊಳ್ಳುವಷ್ಟು ಹಣ ಕೈಯಲ್ಲಿದ್ದವರಿಗೆ ಮಾತ್ರ ಅದು ಅಗ್ಗ. 2010ರ ಡಿಸೆಂಬರ್ ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲೇ ಅತ್ಯಂತ ಚಳಿಯ ಡಿಸೆಂಬರ್ ಆಗಿತ್ತು. ಆಗ ಎಣ್ಣೆಯ ಬೆಲೆಯೂ ಏರಿತು, ಹಿಮ ತುಂಬಿದ ರಸ್ತೆಯಲ್ಲಿ ಟ್ಯಾಂಕರೂ ಬರಲಾರದಾಯಿತು. ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು ಅಳೆದು ಅಳೆದು ಬಳಸುತ್ತ, ಒಂದೇ ಕೋಣೆಯಲ್ಲಿ ಹಗಲು ಕಳೆದೆವು. ಬಂಗಲೆಯಲ್ಲಿ ಮನೆಯ ಬಿಸಿಯೆಲ್ಲ ನೇರವಾಗಿ ಛಾವಣಿಗೆ ಏರುತ್ತದೆ, ಗೋಡೆಗಳೆಲ್ಲ ಹೊರಗಿನ ಚಳಿಗೆ ತೆರೆದುಕೊಂಡಿರುತ್ತವೆ. ಅದೇ ಅಳತೆಯ ಮಹಡಿ ಮನೆಗಿಂತ ಅದನ್ನು ಬೆಚ್ಚಗಿಡುವುದು ಯಾವಾಗಲೂ ಕಷ್ಟ.

ಬಸ್ಸಿನ ವಿಷಯ ಇದಕ್ಕಿಂತ ಮುಖ್ಯ. ಲೌತ್‌ಗೆ ಬರುತ್ತಿದ್ದ ಪ್ರಯಾಣಿಕರ ರೈಲು 1970ರಲ್ಲೇ ನಿಂತುಹೋಗಿತ್ತು. ನಮ್ಮ ಹಳ್ಳಿಗೆ ನಿಯಮಿತವಾದ ಬಸ್ಸು ಬಹಳ ವಿರಳ. ಮಿಕ್ಕ ಹೊತ್ತಿಗೆ ಕಾಲ್‌ಕನೆಕ್ಟ್ ಎಂಬ ವ್ಯವಸ್ಥೆಯ ಸಣ್ಣ ಬಸ್ಸನ್ನು ಮೊದಲೇ ಫೋನಿನಲ್ಲಿ ಕಾದಿರಿಸಬೇಕಿತ್ತು. ಅದು ಒಳ್ಳೆಯ ವ್ಯವಸ್ಥೆಯೇ, ಅದಿಲ್ಲದಿದ್ದರೆ ನನ್ನಂಥವರು ಬುಧವಾರದ ಸಂತೆಯನ್ನೂ ನೋಡುತ್ತಿರಲಿಲ್ಲ. ಆದರೆ ಮನೆಯಿಂದ ಹೊರಡಬೇಕೆನಿಸಿದಾಗ ಹೊರಡುವುದು ಬೇರೆ, ಹೊರಡುವ ಗಳಿಗೆಯನ್ನು ಮುಂಚಿತವಾಗಿ ಯಾರಿಗೋ ತಿಳಿಸಿ ಒಪ್ಪಿಗೆ ಪಡೆಯುವುದು ಬೇರೆ. ನಾನು ಕಾರು ಓಡಿಸುವುದಿಲ್ಲ. ಯಜಮಾನರು ಬೆಳಗ್ಗೆ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದರು. ಡಿಸೆಂಬರಿನ ಸುಮಾರಿಗೆ ಸಂಜೆ ನಾಲ್ಕಕ್ಕೆಲ್ಲ ಬೆಳಕು ಹೋಗುತ್ತಿತ್ತು, ರಸ್ತೆಯಲ್ಲಿ ದೀಪಗಳಿರಲಿಲ್ಲ, ಮನೆ ನೋಡಿದ ದಿನ ಮೆಚ್ಚಿದ್ದ ಬೇಲಿಯಿಂದಾಗಿ ದಾರಿಯಲ್ಲಿ ಹೋಗುವವರ ಮುಖವೂ ಕಾಣುತ್ತಿರಲಿಲ್ಲ. ಹಳ್ಳಿಯ ಜನ ಒಳ್ಳೆಯವರಾಗಿದ್ದರೂ ಅವರ ಒಳ್ಳೆಯತನ ನನ್ನನ್ನು ತಲುಪಲು ಯಾರಾದರೊಬ್ಬರು ಗಾಡಿ ತೆಗೆದುಕೊಂಡು ಬರಬೇಕಿತ್ತು. ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವಿಗೆ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯವರೆಗೆ ಹೋಗಬೇಕಿತ್ತು; 1983ರಿಂದ ನಡೆದುಬಂದಿರುವ ಕನ್ನಡ ಬಳಗದ ಯುಗಾದಿಗೋ ದೀಪಾವಳಿಗೋ ಹೋಗಿಬರುವುದೆಂದರೆ ಇಡೀ ದಿನದ ಪ್ರಯಾಣ.

ಸಟನ್-ಆನ್-ಸೀಯ ಬಾಡಿಗೆ ಮನೆಯ ವಿಷಯವನ್ನು ಬೇಗ ಮುಗಿಸಬಹುದು. ಸಮತಟ್ಟಾದ ನೆಲ, ಉದ್ದನೆಯ ಕಾಂಕ್ರೀಟ್ ದಂಡೆ, ಬಣ್ಣಬಣ್ಣದ ಮರದ ಗುಡಿಸಲುಗಳು, ಮೊಣಕಾಲು ನೋವಿನವರಿಗೆ ಅದಕ್ಕಿಂತ ಹಿತವಾದ ನಡಿಗೆಯ ಜಾಗ ಸಿಗಲಾರದು. ಆದರೆ ದಂಡೆಯ ಮೇಲೆ ನಿಂತು ಒಂದು ಕಡೆ ಉಬ್ಬರದ ನೀರನ್ನೂ ಇನ್ನೊಂದು ಕಡೆ ಬಂಗಲೆಗಳ ಸೂರನ್ನೂ ನೋಡಿದರೆ, ನೀರಿನ ಮಟ್ಟ ಮನೆಗಳ ನೆಲಕ್ಕಿಂತ ಮೇಲಿದೆ ಎಂಬುದು ಯಾರಿಗಾದರೂ ಕಾಣುತ್ತದೆ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಈ ದಂಡೆಯನ್ನು ಒಡೆದು ಒಳನುಗ್ಗಿತ್ತು. ಆ ಪ್ರವಾಹದಲ್ಲಿ ಇಂಗ್ಲೆಂಡಿನಲ್ಲಿ ಸತ್ತವರು 307 ಜನ. ಪೂರ್ವ ಕರಾವಳಿಯುದ್ದಕ್ಕೂ ಹೆಚ್ಚು ಬಲಿಯಾದದ್ದು ಬಂಗಲೆಗಳಲ್ಲಿದ್ದ ವಯಸ್ಸಾದವರು. ಮಹಡಿಯಿಲ್ಲದ ಮನೆಯಲ್ಲಿ ನೀರು ಬಂದರೆ ಹತ್ತಿ ನಿಲ್ಲಲು ಜಾಗವಿಲ್ಲ. ಈಗ ದಂಡೆ ಗಟ್ಟಿಯಾಗಿದೆ, 1994ರಿಂದ ಕಡಲಿನೊಳಗಿನ ಮರಳನ್ನು ಪಂಪಿನಿಂದ ಎತ್ತಿ ತೀರಕ್ಕೆ ಹಾಕುವ ಕೆಲಸವೂ ನಡೆದುಬಂದಿದೆ. ಅದನ್ನು ನಂಬಿ ನೆಮ್ಮದಿಯಾಗಿರುವವರು ಬಹಳ ಮಂದಿ ಇದ್ದಾರೆ. ಆದರೆ ಬಿರುಗಾಳಿಯ ರಾತ್ರಿಗಳಲ್ಲಿ ನನಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ. ನಿದ್ದೆ ಬಾರದ ಮನೆಯನ್ನು ಕೊಳ್ಳುವ ಮಾತೇ ಏಳಲಿಲ್ಲ.

ಪೀಸ್‌ಹೇವನ್ ಬಿಳಿಯ ಸುಣ್ಣಕಲ್ಲಿನ ಎತ್ತರದ ಬಂಡೆಯ ಮೇಲಿದೆ; ಅಲ್ಲಿ ಕಡಲು ಮನೆಗೆ ನುಗ್ಗುವ ಭಯವಿಲ್ಲ. ಭಯವಿರುವುದು ಬಂಡೆ ಉದುರುವುದರಿಂದ. ಗ್ರೀನಿಚ್ ಮಧ್ಯಾಹ್ನ ರೇಖೆ ಇಂಗ್ಲೆಂಡಿನ ನೆಲವನ್ನು ಬಿಟ್ಟು ಕಡಲಿಗಿಳಿಯುವುದು ಈ ಊರಿನಲ್ಲೇ. ಅದರ ಗುರುತಿಗೆ 1936ರಲ್ಲಿ ನಿಲ್ಲಿಸಿದ ಸ್ತಂಭವನ್ನು ಅಂಚು ಸವೆದಂತೆ ಒಳಕ್ಕೆ ಸರಿಸಬೇಕಾಯಿತು. ಬಂಡೆಯ ಬುಡದಲ್ಲಿ ಕಾಂಕ್ರೀಟ್ ಗೋಡೆಯೂ ಕಾಲುದಾರಿಯೂ ಇರುವ ಭಾಗದಲ್ಲಿ ಸವೆತ ನಿಧಾನ, ಅವಿಲ್ಲದ ಕಡೆ ವೇಗ. ನಮ್ಮ ಮನೆ ಕಡಲಿನಿಂದ ಹಲವು ಬೀದಿಗಳಷ್ಟು ಒಳಗಿದೆ. ಕಡಲು ಕಾಣಬೇಕಾದರೆ ಸ್ವಲ್ಪ ನಡೆಯಬೇಕು, ಹಾಗಾಗಿ ನಾನು ದಿನವೂ ನಡೆಯುತ್ತೇನೆ.

ಇಲ್ಲಿನ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಮೇಲೆನಿಸಿದ್ದು ಮುಂಬದಿಯ ಮೊಣಕಾಲೆತ್ತರದ ಗೋಡೆ. ಮಲೆನಾಡಿನ ಸಾಗರ ಪಟ್ಟಣದ ನಮ್ಮ ತವರುಮನೆಯಲ್ಲಿ ಜಗಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಗೋಡೆ ಮಾಡುತ್ತದೆ: ಹೂಗಿಡಕ್ಕೆ ನೀರು ಹಾಕುತ್ತ ನಿಂತರೆ ಹೋಗಿಬರುವವರೆಲ್ಲ ಒಂದು ಮಾತಾಡಿ ಹೋಗುತ್ತಾರೆ, ನಾಯಿಯನ್ನು ಹಿಡಿದುಕೊಂಡವರು ನಿಲ್ಲುತ್ತಾರೆ, ಒಂದು ದಿನ ಪರದೆ ತೆರೆಯದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ಊರಿನ ಹಿರಿಯರಲ್ಲಿ ಬಹಳ ಮಂದಿ ಬೇರೆಲ್ಲಿಂದಲೋ ಬಂದು ನೆಲೆಸಿದವರು, ಹೆಚ್ಚಿನವರು ಲಂಡನ್ನಿನವರು. ಹಳ್ಳಿಯಲ್ಲಿ ಎಷ್ಟೇ ಪ್ರೀತಿಯಿಂದ ಕಂಡರೂ ನಾವು ಹೊರಗಿನಿಂದ ಬಂದವರಾಗಿಯೇ ಉಳಿದಿದ್ದೆವು. ಇಲ್ಲಿ ಎಲ್ಲರೂ ಬಂದವರೇ ಆದ್ದರಿಂದ ಆ ಭಾವನೆ ಮೊದಲ ತಿಂಗಳಲ್ಲೇ ಹೋಯಿತು.

ಎರಡನೆಯದು ಬಸ್ಸು. ಬ್ರೈಟನ್ನಿನಿಂದ ಈಸ್ಟ್‌ಬೋರ್ನ್ ಕಡೆಗೆ ಹೋಗುವ 12ನೇ ನಂಬರಿನ ಬಸ್ಸು ನಮ್ಮ ಮುಖ್ಯರಸ್ತೆಯಲ್ಲೇ ಓಡುತ್ತದೆ. ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಹೋಗಿ ನಿಂತರೆ ಸಾಕು, ಹೆಚ್ಚು ಕಾಯಬೇಕಾಗುವುದಿಲ್ಲ. ಹಿರಿಯರ ಉಚಿತ ಬಸ್ ಪಾಸು 2008ರ ಏಪ್ರಿಲ್‌ನಿಂದ ಇಂಗ್ಲೆಂಡಿನಾದ್ಯಂತ ನಡೆಯುತ್ತಿದೆ, ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಯ ನಂತರ ಹತ್ತಿದರೆ ಒಂದು ಪೆನ್ನಿಯ ಖರ್ಚಿಲ್ಲ. ಅದೇ ಸವಲತ್ತು ಲಿಂಕನ್‌ಶೈರಿನಲ್ಲೂ ಉಂಟು, ಆದರೆ ಬಸ್ಸೇ ಅಪರೂಪವಾದ ಕಡೆ ಪಾಸಿನಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಕರಿಬೇವೂ ನುಗ್ಗೆಕಾಯಿಯೂ ಈಗ ಒಂದು ಬಸ್ಸಿನ ದೂರದಲ್ಲಿ ಸಿಗುತ್ತವೆ. ಮಗಳ ಮನೆಗೆ ಹೋಗಲು ಯಾರನ್ನೂ ಕೇಳಬೇಕಾಗಿಲ್ಲ. ಲಂಡನ್ನಿಗೆ ಬ್ರೈಟನ್ನಿನಿಂದ ರೈಲಿದೆ. ಯಜಮಾನರು ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಕೆಲಕಾಲ ಕಾರು ಓಡಿಸಬಾರದೆಂದಾಗ ನಮ್ಮ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ. ಹಳ್ಳಿಯಲ್ಲಿದ್ದಾಗ ಹಾಗಾಗಿದ್ದರೆ ನಾವಿಬ್ಬರೂ ಮನೆಯಲ್ಲೇ ಬಂಧಿಗಳಾಗುತ್ತಿದ್ದೆವು.

ಇನ್ನು ಮೊದಲೇ ಹೇಳಿದ ಪಶ್ಚಿಮದ ಗೋಡೆಯ ವಿಷಯ. ಬೇಸಿಗೆಯ ಕೊನೆಯಲ್ಲಿ ಮನೆಗೆ ಬಂದಾಗ ಎಲ್ಲ ಗೋಡೆಗಳೂ ಒಣಗಿ ಚೊಕ್ಕಟವಾಗಿದ್ದವು, ಹೊಸದಾಗಿ ಬಣ್ಣ ಬಳಿದಿತ್ತು. ಚಳಿಗಾಲ ಬಂದಮೇಲೆ ಪಶ್ಚಿಮದ ಮಲಗುವ ಕೋಣೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಹೊರಗೋಡೆಗೆ ಒರಗಿಸಿ ಇಟ್ಟಿದ್ದ ಬೀರುವನ್ನು ತೆರೆದು ನೋಡಿದರೆ ನನ್ನ ಮೈಸೂರು ರೇಷ್ಮೆ ಸೀರೆಗಳ ಮಡಿಕೆಗಳಲ್ಲಿ ಬೂಷ್ಟು ಹಿಡಿದಿತ್ತು. ಅವುಗಳಲ್ಲೊಂದು ಅಮ್ಮ ನನಗೆ ಕೊಟ್ಟ ಧಾರೆಯ ಸೀರೆ. ಬೀರುವನ್ನು ಸರಿಸಿದಾಗ ಗೋಡೆಯ ಬಣ್ಣ ಅಲ್ಲಲ್ಲಿ ಉಬ್ಬಿ, ಕಂದುಬಣ್ಣದ ಅಂಚಿರುವ ಕಲೆಗಳು ಮೂಡಿದ್ದು ಕಂಡಿತು. ಮಹಡಿ ಮನೆಯಾಗಿದ್ದರೆ ಆ ಕೋಣೆಯನ್ನು ಮುಚ್ಚಿ ಮೇಲಿನ ಕೋಣೆಗೆ ಹೋಗಬಹುದಿತ್ತು. ಬಂಗಲೆಯಲ್ಲಿ ಹಾಗೆ ದೂರ ಹೋಗಲು ಜಾಗವಿಲ್ಲ. ಒಂದು ಗೋಡೆಯ ಪಸೆ ಇಡೀ ಮನೆಯ ಗಾಳಿಯಲ್ಲಿ ಇರುತ್ತದೆ.

ನೋಡಲು ಬಂದ ಗಾರೆ ಕೆಲಸದವರು ಅಡುಗೆಮನೆಯ ಕಡೆ ಒಮ್ಮೆ ಕಣ್ಣುಹಾಯಿಸಿ, ಇದು ನಿಮ್ಮ ಅಡುಗೆಯ ಹಬೆ, ಕುಕ್ಕರನ್ನೂ ಒಗ್ಗರಣೆಯನ್ನೂ ಕಡಿಮೆ ಮಾಡಿ, ಕಿಟಕಿ ತೆರೆದಿಡಿ ಎಂದು ಹೇಳಿ ಹೋದರು. ಮನೆಯನ್ನು ಕೊಳ್ಳುವಾಗ ಹಿಂದಿನ ಒಡತಿಯ ಕಾಗದಪತ್ರಗಳೊಂದಿಗೆ ಗೋಡೆಯಿಂದ ಬಿಸಿ ಹೊರಹೋಗದಂತೆ ಮಾಡಿಸಿದ್ದ ಇನ್ಸುಲೇಷನ್ನಿನ 25 ವರ್ಷಗಳ ಖಾತರಿ ಪತ್ರವೂ ಬಂದಿತ್ತು. ಅದನ್ನು ಕೊಟ್ಟಿದ್ದ ಸಂಸ್ಥೆಗೆ ಬರೆದಾಗ ಅವರಿಂದ ಬಂದ ಉತ್ತರವೂ ಅದೇ ಧಾಟಿಯಲ್ಲಿತ್ತು: ನಿಮ್ಮ ವಾಸದ ಅಭ್ಯಾಸಗಳೇ ಕಾರಣ. ಈ ಮಾತು ನನ್ನನ್ನು ಬಹಳ ನೋಯಿಸಿತು. ಅನ್ನ ಸಾರು ಬೇಯಿಸುವ ಮನೆಯಲ್ಲಿ ತೇವ ಕಂಡರೆ ಗೋಡೆಯನ್ನು ಪರೀಕ್ಷಿಸುವ ಮೊದಲೇ ಅನ್ನದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ನಮ್ಮ ಅಡುಗೆಮನೆ ಇರುವುದು ಪೂರ್ವದ ತುದಿಯಲ್ಲಿ. ಅಲ್ಲಿಯ ಗೋಡೆಗಳಲ್ಲಾಗಲಿ ಸ್ನಾನದ ಮನೆಯಲ್ಲಾಗಲಿ ಒಂದು ಕಲೆಯೂ ಇರಲಿಲ್ಲ. ಆದರೂ ಹೇಳಿದಂತೆ ನಡೆದು, ಹಬೆ ಎಳೆಯುವ ಫ್ಯಾನನ್ನು ಬದಲಾಯಿಸಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರವನ್ನು ಹಗಲು ರಾತ್ರಿ ಓಡಿಸಿದೆವು. ವಿದ್ಯುತ್ ಬಿಲ್ಲು ಏರಿತು, ಕಲೆ ಇದ್ದಲ್ಲೇ ಇತ್ತು.

ಆಗ ನಾನು ಒಂದು ನೋಟ್‌ಪುಸ್ತಕ ಇಟ್ಟೆ. ಮಳೆ ಬಂತೇ, ಗಾಳಿ ಯಾವ ದಿಕ್ಕಿನದು, ಆ ದಿನ ಏನು ಅಡುಗೆ ಮಾಡಿದೆ, ಸಂಜೆ ಗೋಡೆ ಮುಟ್ಟಿದರೆ ಹೇಗಿದೆ ಎಂಬುದನ್ನು ತಪ್ಪದೆ ಬರೆದೆ. ಚಳಿಗಾಲ ಮುಗಿಯುವಷ್ಟರಲ್ಲಿ ವಿಷಯ ನಿಚ್ಚಳವಾಗಿತ್ತು. ಗಾಳಿಯಿಲ್ಲದೆ ಇಬ್ಬನಿ ಹೆಪ್ಪುಗಟ್ಟುವ ಚಳಿಯ ದಿನಗಳಲ್ಲಿ, ಅಂದರೆ ಮನೆಯೊಳಗಿನ ಹಬೆ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂರಬೇಕಾದ ದಿನಗಳಲ್ಲಿ, ಆ ಗೋಡೆ ಒಣಗಿರುತ್ತಿತ್ತು. ನೈಋತ್ಯದಿಂದ ಬೀಸುವ ಗಾಳಿ ಮಳೆಯನ್ನು ಅಡ್ಡಡ್ಡವಾಗಿ ತಂದು ಬಡಿದ ಮರುದಿನ, ಮನೆಯಲ್ಲಿ ಒಲೆ ಹಚ್ಚದಿದ್ದರೂ, ಕಲೆ ಕಪ್ಪಾಗುತ್ತಿತ್ತು. ನೀರು ಹೊರಗಿನಿಂದ ಬರುತ್ತಿತ್ತು.

ಸ್ವತಂತ್ರವಾಗಿ ಕೆಲಸ ಮಾಡುವ ಕಟ್ಟಡ ಪರಿವೀಕ್ಷಕರೊಬ್ಬರನ್ನು ನಮ್ಮ ಖರ್ಚಿನಲ್ಲೇ ಕರೆಸಿದೆವು. ಅವರು ಇಟ್ಟಿಗೆಯ ಸಂದಿಯಲ್ಲಿ ಸಣ್ಣ ರಂಧ್ರ ಕೊರೆದು, ತೆಳುವಾದ ಕ್ಯಾಮೆರಾ ಕೊಳವೆಯನ್ನು ಒಳಗೆ ಬಿಟ್ಟು ತೋರಿಸಿದರು. ಇಲ್ಲಿಯ ಮನೆಗಳ ಹೊರಗೋಡೆ ವಾಸ್ತವವಾಗಿ ಎರಡು ಗೋಡೆಗಳು. ನಡುವೆ ಸುಮಾರು ಎರಡು ಅಂಗುಲದ ಖಾಲಿ ಜಾಗ, ಎರಡನ್ನೂ ಹಿಡಿದಿಡಲು ಅಲ್ಲಲ್ಲಿ ಲೋಹದ ಪಟ್ಟಿಗಳು. ಹೊರಗೋಡೆ ಮಳೆಯಲ್ಲಿ ನೆನೆದರೂ ನೀರು ಆ ಖಾಲಿ ಜಾಗದಲ್ಲಿ ಕೆಳಗಿಳಿದು ಹೋಗಬೇಕು, ಒಳಗೋಡೆಗೆ ದಾಟಬಾರದು ಎಂಬುದೇ ಅದರ ಉದ್ದೇಶ. 2008ರಿಂದ 2012ರವರೆಗೆ ಇಂಧನ ಕಂಪನಿಗಳು ಸರ್ಕಾರದ ಆದೇಶದಂತೆ ಮನೆಗಳ ಇನ್ಸುಲೇಷನ್ನಿಗೆ ನೆರವು ನೀಡುತ್ತಿದ್ದಾಗ, 70 ದಾಟಿದ್ದ ಹಿಂದಿನ ಒಡತಿಗೆ ಆ ಕೆಲಸ ಪುಕ್ಕಟೆಯಾಗಿ ಆಗಿತ್ತು: ಗೋಡೆಯಲ್ಲಿ ರಂಧ್ರ ಕೊರೆದು ಖನಿಜದ ಉಣ್ಣೆಯನ್ನು, ಅಂದರೆ ಕಲ್ಲಿನಿಂದಲೋ ಗಾಜಿನಿಂದಲೋ ಮಾಡಿದ ಹತ್ತಿಯಂಥ ನಾರನ್ನು, ಊದಿ ಆ ಜಾಗವನ್ನು ತುಂಬಿದ್ದರು. ಒಳನಾಡಿನ ಗಾಳಿಮರೆಯ ಮನೆಗೆ ಇದರಿಂದ ಲಾಭವಿರಬಹುದು. ಬಂಡೆಯ ಮೇಲೆ ಕಡಲ ಗಾಳಿಗೆ ಎದೆಯೊಡ್ಡಿದ, ಹೊರಗಿನ ಸಿಮೆಂಟ್ ಗಿಲಾವು ಕೂದಲೆಳೆಯಷ್ಟು ಬಿರುಕು ಬಿಟ್ಟ ಗೋಡೆಯಲ್ಲಿ, ಬಿರುಕಿನಿಂದ ಹೊಕ್ಕ ನೀರನ್ನು ಉಣ್ಣೆ ಹೀರಿಕೊಂಡು ಒಳಗೋಡೆಗೆ ದಾಟಿಸುತ್ತಿತ್ತು. ಕ್ಯಾಮೆರಾದಲ್ಲಿ ಅದು ನೆನೆದು ಮುದ್ದೆಯಾಗಿ ಕುಸಿದದ್ದು ಸ್ಪಷ್ಟವಾಗಿ ಕಾಣಿಸಿತು. ಉಪ್ಪುಗಾಳಿಗೆ ಗೋಡೆಗಳ ನಡುವಿನ ಲೋಹದ ಪಟ್ಟಿಗಳೂ ತುಕ್ಕು ಹಿಡಿದಿದ್ದವು.

ನೋಟ್‌ಪುಸ್ತಕದ ಪ್ರತಿಯನ್ನೂ ಪರಿವೀಕ್ಷಕರ ವರದಿಯನ್ನೂ ಕಳಿಸಿದ ಮೇಲೆ, ಬಹಳಷ್ಟು ಪತ್ರ ವ್ಯವಹಾರದ ನಂತರ, ಖಾತರಿ ಕೊಟ್ಟವರು ಆ ಗೋಡೆಯ ಉಣ್ಣೆಯನ್ನು ತೆಗೆಸಿಕೊಡಲು ಒಪ್ಪಿದರು. ಕೆಳಗಿನ ಸಾಲಿನ ಕೆಲವು ಇಟ್ಟಿಗೆಗಳನ್ನು ಬಿಡಿಸಿ, ಮೇಲಿನಿಂದ ಗಾಳಿ ಊದಿ, ಕೆಳಗಿನಿಂದ ಎಳೆದು ತೆಗೆಯುವ ಕೆಲಸ ಅದು. ತುಕ್ಕು ಹಿಡಿದ ಪಟ್ಟಿಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿಸಿ, ಹಳೆಯ ಗಿಲಾವನ್ನು ಕೆತ್ತಿ ಹೊಸದನ್ನು ಮಾಡಿಸಿದ್ದು ನಮ್ಮ ಹಣದಲ್ಲಿ. ಅಡುಗೆಮನೆಯನ್ನು ಹೊಸದಾಗಿ ಮಾಡಿಸಲು ಎತ್ತಿಟ್ಟದ್ದೆಲ್ಲ ಅದಕ್ಕೇ ಹೋಯಿತು. ಗೋಡೆ ಪೂರ್ತಿ ಒಣಗಲು ಮತ್ತೊಂದು ಬೇಸಿಗೆ ಬೇಕಾಯಿತು. ಈಗ ಒಣಗಿದೆ. ಹಳ್ಳಿಯ ಮನೆಯ ಗೋಡೆಗಳು ದಿಣ್ಣೆಯ ಮರೆಯಲ್ಲಿ, ಬೇಲಿಯ ಹಿಂದೆ, ನಡುವಿನ ಜಾಗ ತುಂಬದೆ ಉಳಿದು ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈ ಒಂದು ವಿಷಯದಲ್ಲಿ ಹಳ್ಳಿಯೇ ಗೆಲ್ಲುತ್ತದೆ.

ತೋಟದ ವಿಷಯದಲ್ಲೂ ಹಳ್ಳಿಯೇ ಮುಂದು. ಪೀಸ್‌ಹೇವನ್ನಿನ ತೆಳುಮಣ್ಣಿನಲ್ಲಿ ಉಪ್ಪುಗಾಳಿಗೆ ಬೀನ್ಸ್ ಬಳ್ಳಿ ಸುಟ್ಟಂತಾಗುತ್ತದೆ, ಟ್ಯಾಮರಿಸ್ಕ್, ಹೀಬಿಯಂಥ ಗಟ್ಟಿ ಗಿಡಗಳು ಮಾತ್ರ ನಿಲ್ಲುತ್ತವೆ.

ಬಿಸಿಲು ಕಡಲಿನ ಕಡೆ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ.

ಹಕ್ಕಿಗಳ ವಿಷಯ ಹೇಳಲೇಬೇಕು. ಕಡಲಹಕ್ಕಿಗಳು ಚಿಮಣಿಯ ಪಕ್ಕ ಗೂಡು ಕಟ್ಟಿ, ಮೇ ತಿಂಗಳಿನಿಂದ ಜುಲೈವರೆಗೆ ನಸುಕಿನಲ್ಲೇ ಕೂಗಲು ತೊಡಗುತ್ತವೆ. ಮಹಡಿಯಿಲ್ಲದ ಮನೆಯಲ್ಲಿ ಅವು ಹೆಂಚಿನ ಮೇಲೆ ಓಡಾಡುವ ಸದ್ದೂ ತಲೆಯ ಮೇಲೆಯೇ ಕೇಳುತ್ತದೆ. 1981ರ ವನ್ಯಜೀವಿ ಕಾಯಿದೆಯ ರಕ್ಷಣೆ ಇರುವುದರಿಂದ ಗೂಡನ್ನು ಮುಟ್ಟುವಂತಿಲ್ಲ, ಮುಟ್ಟಬಾರದು ಕೂಡ. ನಾನು ಬೇಗ ಏಳುವವಳಾದ್ದರಿಂದ ನನಗೆ ತೊಂದರೆಯಿಲ್ಲ. ಯಜಮಾನರು ಆ ತಿಂಗಳುಗಳಲ್ಲಿ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ.

ಹಣದ ಲೆಕ್ಕಕ್ಕೆ ಬಂದರೆ, ಲಿಂಕನ್‌ಶೈರಿನಲ್ಲಿ ಮಾರಿದ ಹಣಕ್ಕೆ ಸಸೆಕ್ಸಿನಲ್ಲಿ ಚಿಕ್ಕ ಮನೆ, ಚಿಕ್ಕ ತೋಟ ಸಿಕ್ಕಿತು. ಮೇಲೆ ಗೋಡೆಯ ಖರ್ಚು ಬಿತ್ತು. ಆದರೆ ಕೊಳವೆಯಲ್ಲಿ ಬರುವ ಗ್ಯಾಸಿನಿಂದ ಮನೆ ಬೆಚ್ಚಗಾಗುತ್ತದೆ, ಬಿಲ್ಲನ್ನು ತಿಂಗಳು ತಿಂಗಳು ಕಟ್ಟಬಹುದು, ಇರುವ ಒಂದು ಕಾರೂ ಹೆಚ್ಚಾಗಿ ಮನೆಯ ಮುಂದೆಯೇ ನಿಂತಿರುತ್ತದೆ. ಪಿಂಚಣಿಯಲ್ಲಿ ಬಾಳುವವರಿಗೆ ಮನೆಯ ಬೆಲೆಗಿಂತ ತಿಂಗಳ ಖರ್ಚು ಮುಖ್ಯ ಎಂಬುದು ನನ್ನ ಅನುಭವ.

ಗಂಡ ಹೆಂಡತಿ ಇಬ್ಬರಿಗೂ ಕಾರು ಓಡಿಸಲು ಬರುತ್ತಿದ್ದು, ಮಣ್ಣಿನಲ್ಲಿ ಕೆಲಸ ಮಾಡುವ ಆಸೆಯೂ ಕಸುವೂ ಉಳಿದಿದ್ದು, ಸಂಜೆಯ ನಿಶ್ಶಬ್ದ ಭಾರವಾಗದಿದ್ದರೆ ಹಳ್ಳಿಯ ಬಂಗಲೆಯನ್ನು ಧೈರ್ಯವಾಗಿ ಕೊಳ್ಳಬಹುದು. ನೋಡಲು ಮಾತ್ರ ಮೇ ತಿಂಗಳಿನಲ್ಲಿ ಹೋಗದೆ ಡಿಸೆಂಬರಿನ ಸಂಜೆ ಹೋಗಬೇಕು. ನನ್ನಂತೆ ಕಾಲನ್ನೂ ಬಸ್ಸನ್ನೂ ನಂಬಿದವರು, ದಿನಕ್ಕೆ ನಾಲ್ಕು ಜನರ ಮುಖ ನೋಡಿ ಮಾತಾಡಬೇಕೆನ್ನುವವರು ಕಡಲಿನ ಕಡೆಗೇ ಬರಲಿ. ಬರುವ ಮೊದಲು ನೈಋತ್ಯದ ಗೋಡೆಯನ್ನು ಹೊರಗಿನಿಂದ ಚೆನ್ನಾಗಿ ನೋಡಬೇಕು: ಸುಮಾರು ಒಂದೊಂದು ಮೀಟರ್ ಅಂತರದಲ್ಲಿ ನಾಣ್ಯದಗಲದ, ಸಿಮೆಂಟಿನಿಂದ ಮುಚ್ಚಿದ ಗುಂಡನೆಯ ಗುರುತುಗಳಿದ್ದರೆ ನಡುವಿನ ಜಾಗ ತುಂಬಿದೆಯೆಂದು ಅರ್ಥ, ಅಡ್ಡಡ್ಡವಾಗಿ, ಸಮ ಅಂತರದಲ್ಲಿ ಬಿರುಕುಗಳಿದ್ದರೆ ಒಳಗಿನ ಪಟ್ಟಿಗಳು ತುಕ್ಕು ಹಿಡಿದಿರಬಹುದು. ಗೋಡೆಗೆ ಒರಗಿಸಿದ ಬೀರುಗಳನ್ನು ಸರಿಸಿ ತೋರಿಸಲು ಮಾರುವವರನ್ನು ಕೇಳಲು ಸಂಕೋಚಪಡಬಾರದು. ಬೆಲೆಯ ಮಾತು ಮುಗಿಯುವ ಮೊದಲೇ ಪರಿವೀಕ್ಷಕರಿಂದ ಆ ಒಂದು ಗೋಡೆಗೆ ಕ್ಯಾಮೆರಾ ಹಾಕಿಸಿ ನೋಡಿಸಿಕೊಂಡರೆ, ಬೇಕಾದ ದುರಸ್ತಿಯ ಖರ್ಚನ್ನು ಮನೆಯ ಬೆಲೆಯಲ್ಲೇ ಇಳಿಸಿಕೊಳ್ಳಬಹುದು.